ಸೀಸೆಯ ಮೇಲಿನ 211

ಪೂಜೆಯ ವೇಳೆಗೆ ಕೆಂಡದ ಮೇಲೆ ಉದುರಿಸುವ ಲೋಬಾನದ ಹರಳಿಗೂ ಅಡಿಗೆಮನೆಯ ಕಪಾಟಿನಲ್ಲಿ ನಿಂತಿರುವ ಟೊಮೆಟೊ ಸಾಸಿನ ಸೀಸೆಗೂ ಏನು ನಂಟು ಎಂದು ಕೇಳಿದರೆ ಮನೆಯವರು ನಕ್ಕಾರು. ಆದರೆ ನಂಟು ಇದೆ, ಅದೂ ಹತ್ತಿರದ ನಂಟೇ. ಸೀಸೆಯನ್ನು ತಿರುಗಿಸಿ, ಬೆಲೆ, ತೂಕ, ತಾರೀಖುಗಳ ನಡುವೆ ಇರುವೆಯ ಸಾಲಿನಂತೆ ಅಚ್ಚಾಗಿರುವ ಅಕ್ಷರಗಳನ್ನು ಕಣ್ಣು ಕಿರಿದುಮಾಡಿ ಓದಿದರೆ, 'ಸಂರಕ್ಷಕ' ಎಂಬ ಮಾತಿನ ಪಕ್ಕದಲ್ಲಿ 211 ಎಂಬ ಅಂಕಿ ಅನೇಕ ವೇಳೆ ಸಿಕ್ಕುತ್ತದೆ. ಅದು ಸೋಡಿಯಂ ಬೆಂಜೊಯೇಟ್ ಎಂಬ ಬಿಳಿಯ ಪುಡಿಯ ಸಂಕೇತ. ಉಪ್ಪಿನಕಾಯಿ, ಷರಬತ್ತು, ಸೋಡಾ ಪಾನೀಯ, ಕೆಮ್ಮಿನ ಔಷಧ, ಹಲ್ಲುಜ್ಜುವ ಪೇಸ್ಟು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಹೀಗೆ ಮನೆಯ ಒಂದೊಂದು ಮೂಲೆಯಲ್ಲಿಯೂ ಅದು ಸದ್ದಿಲ್ಲದೆ ನೆಲೆಸಿದೆ.

ಇದರ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಅದು ಶುದ್ಧ ವಿಷ, ಕೂಸುಗಳ ಬಾಯಿಗೆ ಹೋಗಬಾರದು' ಎಂಬುದು ಒಂದು. 'ಸರಕಾರವೇ ಒಪ್ಪಿದೆಯಲ್ಲ, ಚಿಂತೆ ಏತಕ್ಕೆ' ಎಂಬುದು ಇನ್ನೊಂದು. ಎರಡೂ ಅರ್ಧಂಬರ್ಧ ಮಾತುಗಳೆಂದು ನಮ್ಮ ಅಭಿಪ್ರಾಯ. ಮನೆಯಲ್ಲಿಯೇ ಷರಬತ್ತು, ಉಪ್ಪಿನಕಾಯಿಗಳನ್ನು ಮಾಡಿ ಮಾರುವ ಕಾಯಕವನ್ನು ಹಿಡಿದಿರುವ ಸೋದರಿಯರು ಊರೂರಿನಲ್ಲಿಯೂ ಇರುವುದರಿಂದ, ಈ ಪುಡಿಯ ಗುಣದೋಷಗಳನ್ನು ತುಸು ವಿವರವಾಗಿಯೇ ನೋಡುವುದು ಉಚಿತ.

ಮೊದಲು ಲೋಬಾನದ ಮಾತು. ಸುಮಾತ್ರಾ ದ್ವೀಪದಲ್ಲಿಯೂ ಸಯಾಂ, ಲಾವೋಸ್ ನಾಡುಗಳಲ್ಲಿಯೂ ಬೆಳೆಯುವ ಒಂದು ಜಾತಿಯ ಮರದ ತೊಗಟೆಯನ್ನು ಗೀರಿದರೆ ಒಸರುವ ಅಂಟೇ ನಿಜವಾದ ಲೋಬಾನ. (ಅಂಗಡಿಯಲ್ಲಿ ಧೂಪವೆಂದು ಮಾರುವುದೆಲ್ಲವೂ ಅದಲ್ಲವೆಂಬುದು ಬೇರೆ ಮಾತು.) ಅರಬ್ಬೀ ವರ್ತಕರು ಇದನ್ನು 'ಲುಬಾನ್ ಜಾವೀ', ಅಂದರೆ ಜಾವಾದ ಧೂಪ, ಎಂದು ಕರೆದರು. ಆ ಹೆಸರು ಐರೋಪ್ಯರ ಬಾಯಲ್ಲಿ ಸವೆದು 'ಬೆಂಜೊಯಿನ್' ಆಯಿತು. ಈ ಅಂಟನ್ನು ಮೆಲ್ಲಗೆ ಕಾಯಿಸಿದರೆ ಆವಿಯಾಗಿ ಮೇಲೇರಿ, ತಣ್ಣನೆಯ ಮುಚ್ಚಳಕ್ಕೆ ಸೂಜಿಯಂತಹ ಹರಳುಗಳಾಗಿ ಅಂಟಿಕೊಳ್ಳುವ ವಸ್ತುವನ್ನು ಹದಿನಾರನೆಯ ಶತಮಾನದಲ್ಲಿಯೇ ಜನ ಬಲ್ಲರು. ಅದೇ ಬೆಂಜೊಯಿಕ್ ಆಮ್ಲ. 1832ರಲ್ಲಿ ಲೀಬಿಗ್ ಮತ್ತು ವೋಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಅದರ ರಚನಾಂಶವನ್ನು ನಿರ್ಧರಿಸಿದರು. 1875ರಲ್ಲಿ ಸಾಲ್ಕೋವ್ಸ್ಕಿ ಎಂಬಾತನು ಅದು ಬೂಸ್ಟನ್ನು ತಡೆಯುತ್ತದೆಂದು ಕಂಡನು. ಇಂದು ಕಾರ್ಖಾನೆಗಳಲ್ಲಿ ಅದನ್ನು ಮರದ ಅಂಟಿನಿಂದ ತೆಗೆಯುವುದಿಲ್ಲ. ಪೆಟ್ರೋಲಿಯಂ ಮೂಲದ ಟಾಲ್ವೀನಿನಿಂದ ತಯಾರಿಸುತ್ತಾರೆ. ಮರದಿಂದ ಬಂದುದೆಲ್ಲ ಅಮೃತ, ಕಾರ್ಖಾನೆಯಿಂದ ಬಂದುದೆಲ್ಲ ವಿಷ ಎಂದು ನಂಬುವವರಿಗೆ ಇದು ತುಸು ಇರಿಸುಮುರಿಸಿನ ಸಂಗತಿ, ಏಕೆಂದರೆ ಎರಡೂ ಕಡೆಯ ಅಣು ಒಂದೇ. ಲವಂಗ, ದಾಲ್ಚಿನ್ನಿಗಳಲ್ಲಿಯೂ ಅದು ಅಲ್ಪ ಪ್ರಮಾಣದಲ್ಲಿ ಸ್ವಾಭಾವಿಕವಾಗಿಯೇ ಇದೆ. ನಾವು ದಿನವೂ ಉಣ್ಣುವ ಮೊಸರಿನಲ್ಲಿಯೂ ಇದೆ, ಹಾಲು ಹೆಪ್ಪಾಗುವಾಗ ಅದರೊಳಗಿನ ಒಂದು ಅಂಶವನ್ನು ಹೆಪ್ಪಿನ ಜೀವಾಣುಗಳೇ ಬೆಂಜೊಯಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ.

ಇನ್ನು ಅದು ಕೆಲಸ ಮಾಡುವ ಬಗೆ. ಇದನ್ನು ಗೃಹಿಣಿಯರು ಚೆನ್ನಾಗಿ ಮನವರಿಕೆ ಮಾಡಿಕೊಳ್ಳಬೇಕು. ಬೆಂಜೊಯಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದು. ಆದ್ದರಿಂದ ಚೆನ್ನಾಗಿ ಕರಗುವ ಅದರ ಸೋಡಿಯಂ ಲವಣವನ್ನು ಬಳಸುತ್ತಾರೆ. ಆದರೆ ಬೂಸ್ಟನ್ನು ತಡೆಯುವ ಶಕ್ತಿ ಇರುವುದು ಲವಣಕ್ಕಲ್ಲ, ಆಮ್ಲಕ್ಕೆ. ಪದಾರ್ಥ ಹುಳಿಯಾಗಿದ್ದರೆ ಮಾತ್ರ ಲವಣ ಮರಳಿ ಆಮ್ಲವಾಗುತ್ತದೆ, ಬೂಸ್ಟು ಮತ್ತು ಹುದುಗಿನ ಜೀವಕೋಶದ ಗೋಡೆಯನ್ನು ದಾಟಿ ಒಳಹೊಗುತ್ತದೆ, ಒಳಗೆ ತನ್ನ ಹುಳಿಯನ್ನು ಬಿಚ್ಚುತ್ತದೆ. ಆ ಹುಳಿಯನ್ನು ಹೊರಹಾಕುವುದರಲ್ಲಿಯೇ ಜೀವಕೋಶದ ಕಸುವೆಲ್ಲ ವ್ಯಯವಾಗಿ, ಅದು ಬೆಳೆಯಲಾರದೆ ನಿಂತುಬಿಡುತ್ತದೆ. ಹುಳಿಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ 3 ಇರುವ ನಿಂಬೆಯ ಷರಬತ್ತಿನಂತಹ ಪದಾರ್ಥದಲ್ಲಿ ಬೆರೆಸಿದ ಪುಡಿಯ ನೂರಕ್ಕೆ 94 ಭಾಗ ಆಮ್ಲರೂಪದಲ್ಲಿ ಕೆಲಸಕ್ಕೆ ಬರುತ್ತದೆ. 4.2ರಲ್ಲಿ ಅರ್ಧ. 6ಕ್ಕೆ ಬಂದರೆ ನೂರಕ್ಕೆ ಒಂದೂವರೆ ಭಾಗವಷ್ಟೆ.

ಇದರ ಅರ್ಥವೇನು? ಮಾವು, ನಿಂಬೆ, ಹುಣಸೆ, ಟೊಮೆಟೊ, ವಿನೆಗರ್ ಇರುವಲ್ಲಿ ಈ ಪುಡಿಗೆ ಕೆಲಸವಿದೆ. ತೆಂಗಿನಕಾಯಿ ಚಟ್ನಿ, ಹೂರಣ, ಬೇಯಿಸಿದ ಬೇಳೆ, ಹಾಲಿನ ಸಿಹಿ, ಇವುಗಳಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. 'ಸಂರಕ್ಷಕ ಹಾಕಿದ್ದೇವೆ' ಎಂಬ ಧೈರ್ಯದಿಂದ ಹುಳಿಯಿಲ್ಲದ ಪದಾರ್ಥವನ್ನು ಹೊರಗಿಟ್ಟು ನಾಲ್ಕು ದಿನ ಬಡಿಸುವವರು ಏನನ್ನೂ ಹಾಕದವರಿಗಿಂತ ಹೆಚ್ಚಿನ ಅಪಾಯದಲ್ಲಿದ್ದಾರೆ, ಏಕೆಂದರೆ ಹಾಕದವರಿಗೆ ಭಯವಾದರೂ ಇರುತ್ತದೆ. ಇನ್ನೊಂದು ಮಾತು: ಅದು ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. ಕೊಳೆತ ಹಣ್ಣಿನೊಳಗೆ ಈಗಾಗಲೇ ಸೇರಿದ ಬೂಸ್ಟಿನ ವಿಷವನ್ನು ಯಾವ 211 ಸಹ ತೊಳೆಯಲಾರದು.

ಈ ಕಡೆಯ ಮಾತಿನ ಮೇಲೆಯೇ ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಅಲ್ಲಿನ ಸರಕಾರದ ರಸಾಯನ ವಿಭಾಗದ ಮುಖ್ಯಸ್ಥ ಹಾರ್ವೆ ವೈಲಿ ಎಂಬವರು 1902ರಲ್ಲಿ ಹನ್ನೆರಡು ಮಂದಿ ಯುವಕರನ್ನು ಊಟಕ್ಕೆ ಕೂರಿಸಿ, ಟಂಕಣಾಮ್ಲ, ಫಾರ್ಮಾಲ್ಡಿಹೈಡ್, ಬೆಂಜೊಯಿಕ್ ಆಮ್ಲ ಮೊದಲಾದವನ್ನು ಒಂದರ ಬಳಿಕ ಒಂದರಂತೆ ತಿನ್ನಿಸಿ ಪರೀಕ್ಷಿಸಲು ತೊಡಗಿದರು. ಪತ್ರಿಕೆಗಳು ಅದಕ್ಕೆ 'ವಿಷ ದಳ' ಎಂದು ಹೆಸರಿಟ್ಟವು. ಇಂದಿನ ಕಾಲದಲ್ಲಿ ಅಂತಹ ಪರೀಕ್ಷೆಗೆ ಯಾರೂ ಅನುಮತಿ ಕೊಡಲಾರರು. ಆದರೆ 1906ರಲ್ಲಿ ಆ ದೇಶಕ್ಕೆ ಶುದ್ಧ ಆಹಾರದ ಕಾನೂನು ಬರಲು ಅದೂ ಒಂದು ಕಾರಣ. ಬೆಂಜೊಯೇಟ್ ಹಾನಿಕರವೆಂದು ವೈಲಿ ಪಟ್ಟು ಹಿಡಿದರು. ಅಧ್ಯಕ್ಷ ರೂಸ್‌ವೆಲ್ಟ್ ಅವರು ಐರಾ ರೆಮ್ಸನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಬೇರೊಂದು ಮಂಡಲಿಯನ್ನು ನೇಮಿಸಿದರು. ದಿನಕ್ಕೆ ಅರ್ಧ ಗ್ರಾಮಿಗಿಂತ ಕಡಿಮೆಯಾದರೆ ಬಾಧಕವಿಲ್ಲವೆಂದು ಆ ಮಂಡಲಿ 1909ರಲ್ಲಿ ತೀರ್ಪಿತ್ತಿತು. ವೈಲಿ ಸೋತರು.

ಸೋತರೂ ಅವರ ವಾದದ ಒಂದು ಭಾಗ ಸೋತಿಲ್ಲವೆಂದೇ ನಮಗೆ ತೋರುತ್ತದೆ. ಅಂದಿನ ಅನೇಕ ತಯಾರಕರು ಟೊಮೆಟೊ ಡಬ್ಬಿ ತುಂಬಿದ ಮೇಲೆ ಉಳಿದ ಸಿಪ್ಪೆ, ತಿರುಳು, ತೊಟ್ಟುಗಳನ್ನು ಪೀಪಾಯಿಗಳಲ್ಲಿ ಕೂಡಿಹಾಕಿ, ಅದರಿಂದ ಕೆಚಪ್ ಮಾಡುತ್ತಿದ್ದರು. ಅಂತಹ ಸರಕು ಕೊಳೆಯದೆ ನಿಲ್ಲಲು ಬೆಂಜೊಯೇಟ್ ಬೇಕೇಬೇಕಾಗಿತ್ತು. ಅದೇ ಕಾಲದಲ್ಲಿ ಹೈನ್ಸ್ ಎಂಬ ವ್ಯಾಪಾರಿ ಪೂರ್ಣ ಮಾಗಿದ ಹಣ್ಣನ್ನೇ ಆರಿಸಿ, ವಿನೆಗರ್ ಮತ್ತು ಸಕ್ಕರೆಯನ್ನು ಹೆಚ್ಚಿಸಿ, ಬೆಂಜೊಯೇಟ್ ಇಲ್ಲದೆಯೇ ಕೆಚಪ್ ಮಾಡಿ ತೋರಿಸಿದನು. ಪುಡಿ ವಿಷವೋ ಅಲ್ಲವೋ ಎಂಬ ಪ್ರಶ್ನೆಯ ಪಕ್ಕದಲ್ಲಿ, ಈ ಅಡಿಗೆಗೆ ಅದು ಏತಕ್ಕೆ ಬೇಕಾಯಿತು ಎಂಬ ಪ್ರಶ್ನೆಯೂ ಇದೆಯೆಂಬುದನ್ನು ಆ ಒಂದು ಸೀಸೆ ತೋರಿಸಿಕೊಟ್ಟಿತು.

ದೇಹದೊಳಗೆ ಹೋದ ಬೆಂಜೊಯೇಟ್ ಅಲ್ಲಿ ಸಂಗ್ರಹವಾಗಿ ಕೂರುವುದಿಲ್ಲ. ಯಕೃತ್ತು ಅದನ್ನು ಗ್ಲೈಸಿನ್ ಎಂಬ ಅಂಶದೊಡನೆ ಜೋಡಿಸಿ ಹಿಪ್ಪ್ಯೂರಿಕ್ ಆಮ್ಲವನ್ನಾಗಿ ಮಾಡಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಕುದುರೆಯ ಮೂತ್ರದಲ್ಲಿ ಮೊದಲು ಕಂಡದ್ದರಿಂದ ಗ್ರೀಕ್ ಭಾಷೆಯ ಕುದುರೆಯ ಹೆಸರೇ ಅದಕ್ಕೆ ನಿಂತಿದೆ. ಈ ಗುಣವನ್ನೇ ಹಿಡಿದು, ರಕ್ತದಲ್ಲಿ ಅಮೋನಿಯ ಏರುವ ಅಪರೂಪದ ಜನ್ಮಜಾತ ಕಾಯಿಲೆಯ ಮಕ್ಕಳಿಗೆ ವೈದ್ಯರು ಸೋಡಿಯಂ ಬೆಂಜೊಯೇಟನ್ನೇ ಔಷಧವಾಗಿ ಕೊಡುವುದುಂಟು.

ಆದರೆ ಎಚ್ಚರ ಬೇಕಾದ ಕಡೆಗಳಿವೆ. ಮೊದಲನೆಯದು ಮಕ್ಕಳ ತೂಕ. ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 5 ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಗಳ ತಜ್ಞ ಸಮಿತಿಯ ಮಿತಿಯಾಗಿತ್ತು. 2021ರಲ್ಲಿ ಸಮಿತಿ ಅದನ್ನು 20ಕ್ಕೆ ಏರಿಸಿತು. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2016ರ ತನ್ನ ವಿಮರ್ಶೆಯಲ್ಲಿ 5ನ್ನೇ ಉಳಿಸಿಕೊಂಡಿತು. ನಾವು ಬಿಗಿಯಾದ ಲೆಕ್ಕವನ್ನೇ ಹಿಡಿಯೋಣ. 15 ಕಿಲೋ ತೂಗುವ ಮಗುವಿಗೆ 75 ಮಿಲಿಗ್ರಾಂ. ಲೀಟರಿಗೆ 120 ಮಿಲಿಗ್ರಾಂ ಇರುವ ಪಾನೀಯವನ್ನು ಆ ಮಗು ಮುಕ್ಕಾಲು ಲೀಟರಿನಷ್ಟು ಕುಡಿದರೆ ಮಿತಿ ದಾಟಿತು. 60 ಕಿಲೋ ತೂಗುವ ತಂದೆ ಎರಡೂವರೆ ಲೀಟರ್ ಕುಡಿಯಬೇಕು. ಈ ಮಿತಿ ಜೀವಮಾನವಿಡೀ ದಿನವೂ ಸೇವಿಸುವುದಕ್ಕೆ ಹಾಕಿದ ಲೆಕ್ಕ. ಒಂದು ದಿನ ಮೀರಿದರೆ ಮಗುವಿಗೆ ಏನೋ ಆದೀತೆಂದು ಗಾಬರಿಪಡಬೇಕಿಲ್ಲ. ಆದರೆ ಮದುವೆಯ ಮನೆಯಲ್ಲಿ ಒಂದು ದಿನ ಕುಡಿಯುವುದು ಬೇರೆ, ಮನೆಯ ಕಪಾಟಿನಲ್ಲಿ ಆ ಸೀಸೆ ನೀರಿನ ತಂಬಿಗೆಯ ಬದಲು ನಿಲ್ಲುವುದು ಬೇರೆ.

ಎರಡನೆಯದು ವಿಟಮಿನ್ 'ಸಿ'ಯ ಜೊತೆ. ಬೆಂಜೊಯೇಟ್ ಮತ್ತು ವಿಟಮಿನ್ 'ಸಿ' ಒಂದೇ ಪಾನೀಯದಲ್ಲಿದ್ದು, ಬಿಸಿಲು ಅಥವಾ ಕಾವು ತಗಲಿದರೆ, ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ. 1990ರಲ್ಲಿ ಅಮೆರಿಕದಲ್ಲಿ ಇದು ಕಂಡುಬಂದು, 2006ರ ಸುಮಾರಿಗೆ ಮತ್ತೆ ಚರ್ಚೆಗೆ ಬಂದು, ಹಲವು ತಯಾರಕರು ತಮ್ಮ ಪಾನೀಯಗಳ ಮಿಶ್ರಣವನ್ನೇ ಬದಲಿಸಿದರು. ಅಂಗಡಿಯ ಮುಂದೆ ಉರಿಬಿಸಿಲಿನಲ್ಲಿ ಪೇರಿಸಿಟ್ಟ ಸೀಸೆಗಳನ್ನು ಕೊಳ್ಳದಿರಲು ಇದೊಂದೇ ಕಾರಣ ಸಾಕು. ಇನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು 2007ರಲ್ಲಿ, ಕೃತಕ ಬಣ್ಣಗಳನ್ನೂ ಬೆಂಜೊಯೇಟನ್ನೂ ಕೂಡಿಸಿದ ಪಾನೀಯ ಕೆಲವು ಮಕ್ಕಳಲ್ಲಿ ಚಂಚಲತೆಯನ್ನು ತುಸು ಹೆಚ್ಚಿಸಿತೆಂದು ಪ್ರಕಟಿಸಿದರು. ಕೂಡಿಸಿ ಕೊಟ್ಟದ್ದರಿಂದ ದೋಷ ಬಣ್ಣದ್ದೋ ಪುಡಿಯದ್ದೋ ಎಂಬುದು ಅದರಿಂದ ತೀರ್ಮಾನವಾಗಲಿಲ್ಲ. ಯೂರೋಪು 2010ರಿಂದ ಎಚ್ಚರಿಕೆಯ ಮಾತನ್ನು ಕಡ್ಡಾಯ ಮಾಡಿದ್ದು ಆರು ಬಣ್ಣಗಳಿಗೆ ಮಾತ್ರ.

ನಮ್ಮ ದೇಶದ ಆಹಾರ ನಿಯಮಗಳು ಸಂರಕ್ಷಕಗಳನ್ನು ಎರಡು ವರ್ಗ ಮಾಡಿದ್ದು ಸ್ವಾರಸ್ಯಕರವಾಗಿದೆ. ಮೊದಲನೆಯ ವರ್ಗದಲ್ಲಿ ಉಪ್ಪು, ಸಕ್ಕರೆ, ಮಸಾಲೆ ಪದಾರ್ಥ, ವಿನೆಗರ್, ಜೇನು, ಅಡಿಗೆಯ ಎಣ್ಣೆ: ಅಜ್ಜಿಯ ಉಪ್ಪಿನಕಾಯಿಯ ಜಾಡಿಯಲ್ಲಿದ್ದುದೆಲ್ಲವೂ ಬಹುಮಟ್ಟಿಗೆ ಇಲ್ಲಿಯೇ ಬಂತು. ಬೆಂಜೊಯೇಟ್, ಗಂಧಕದ ಲವಣಗಳು ಮೊದಲಾದವು ಎರಡನೆಯ ವರ್ಗ. ಮೊದಲನೆಯದಕ್ಕೆ ಸಾಮಾನ್ಯವಾಗಿ ಮಿತಿಯಿಲ್ಲ, ಎರಡನೆಯದಕ್ಕೆ ಮಿತಿಯುಂಟು. 2011ರ ನಿಯಮಾವಳಿಯಲ್ಲಿ ಬೆಂಜೊಯಿಕ್ ಆಮ್ಲದ ಲೆಕ್ಕದಲ್ಲಿ ಕಿಲೋಗ್ರಾಮಿಗೆ ಉಪ್ಪಿನಕಾಯಿಗೆ 250 ಮಿಲಿಗ್ರಾಂ, ನೀರು ಬೆರೆಸಿ ಕುಡಿಯುವ ಗಟ್ಟಿ ಷರಬತ್ತಿಗೆ 600, ಹಾಗೆಯೇ ಕುಡಿಯುವ ಪಾನೀಯಕ್ಕೆ 120 ಎಂದು ಗೊತ್ತುಮಾಡಿತ್ತು.

ಮನೆಯಲ್ಲಿ ಮಾಡುವವರು ಎಡವುವುದು ಇಲ್ಲಿಯೇ. 600 ಮಿಲಿಗ್ರಾಂ ಆಮ್ಲಕ್ಕೆ ಸಮನಾದ ಸೋಡಿಯಂ ಬೆಂಜೊಯೇಟ್ ಸುಮಾರು 0.7 ಗ್ರಾಂ. ಕೈಯಂದಾಜಿನ 'ಅರ್ಧ ಚಮಚ' ಇದನ್ನು ಎಷ್ಟೋ ಪಟ್ಟು ಮೀರಿಸೀತು. ಒಂದು ಸುಲಭ ದಾರಿಯಿದೆ. ಚಿನ್ನ ಬೆಳ್ಳಿ ತೂಗುವ ತಕ್ಕಡಿಯಲ್ಲಿ 7 ಗ್ರಾಂ ಪುಡಿಯನ್ನು ತೂಗಿಸಿ, ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಮಾಡಿಕೊಂಡರೆ, ಔಷಧದ ಅಳತೆಯ ಮುಚ್ಚಳದಿಂದ 10 ಮಿಲಿಲೀಟರ್ ಅಳೆದು ಒಂದು ಕಿಲೋ ಷರಬತ್ತಿಗೆ ಬೆರೆಸಬಹುದು. ಒಣ ಪುಡಿಯನ್ನು ಮೇಲೆ ಉದುರಿಸಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಇಲ್ಲ ಎಂದಾಗುತ್ತದೆ. ಆಹಾರಕ್ಕೆಂದೇ ಮಾರುವ ಪುಡಿಯನ್ನು ಮಾತ್ರ ಕೊಳ್ಳತಕ್ಕದ್ದು. ಮೋಟಾರು ವಾಹನದ ರೇಡಿಯೇಟರಿನಲ್ಲಿ ತುಕ್ಕು ತಡೆಯಲು ಸಹ ಇದೇ ಲವಣವನ್ನು ಬಳಸುತ್ತಾರಾದ್ದರಿಂದ ಕೈಗಾರಿಕೆಯ ದರ್ಜೆಯ ಅಗ್ಗದ ಪುಡಿಯೂ ಪೇಟೆಯಲ್ಲಿ ಸಿಗುತ್ತದೆ. ದ್ರಾಕ್ಷಿ, ನೇರಳೆ, ಮುರುಗಲುಗಳಂತಹ ಗಾಢ ಬಣ್ಣದ ಹಣ್ಣಿಗೆ ಬೆಂಜೊಯೇಟೇ ಸರಿ, ಗಂಧಕದ ಲವಣ ಅವುಗಳ ಬಣ್ಣವನ್ನು ಬಿಳುಚಿಸುತ್ತದೆ. ನಿಂಬೆ, ಕಿತ್ತಳೆಗಳಿಗೆ ಗಂಧಕದ ಲವಣವನ್ನೇ ಬಳಸುವುದು ರೂಢಿ. ಆ ಹಣ್ಣುಗಳಲ್ಲಿ ವಿಟಮಿನ್ 'ಸಿ' ತುಂಬಿರುವುದರಿಂದ ಮೇಲೆ ಹೇಳಿದ ಬೆಂಜೀನಿನ ಗೊಡವೆಯೂ ತಪ್ಪುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಹಣ್ಣು ತರಕಾರಿಗಳ ಸಂರಕ್ಷಣೆಯ ವಿದ್ಯೆಯನ್ನು ನಾಡಿಗೆ ಕಲಿಸುತ್ತ ಬಂದಿದೆ. ಮಾರಾಟಕ್ಕೆ ಇಳಿಯುವ ಮಹಿಳಾ ಮಂಡಳಗಳವರು ಅಂತಹ ಕಡೆ ತರಬೇತಿ ಪಡೆದು ಇಳಿಯುವುದು ಮೇಲು. ಮಾರುವ ಸೀಸೆಯ ಚೀಟಿಯಲ್ಲಿ ಸಂರಕ್ಷಕದ ಹೆಸರನ್ನೋ ಅಂಕಿಯನ್ನೋ ನಮೂದಿಸಲೇಬೇಕು.

ಬಚ್ಚಲಮನೆಯ ಸಾಮಾನುಗಳ ವಿಚಾರ ಇಷ್ಟೇ: ಪ್ಯಾರಾಬೆನ್ ಎಂಬ ಸಂರಕ್ಷಕಗಳ ಮೇಲೆ ಜನ ಮುನಿದ ಮೇಲೆ, 'ಪ್ಯಾರಾಬೆನ್ ಇಲ್ಲ' ಎಂದು ಎದುರಿಗೆ ದಪ್ಪಕ್ಷರದಲ್ಲಿ ಬರೆದ ಎಷ್ಟೋ ಸೀಸೆಗಳ ಹಿಂಬದಿಯಲ್ಲಿ ಸೋಡಿಯಂ ಬೆಂಜೊಯೇಟ್ ಬಂದು ಕುಳಿತಿದೆ. ಕೆಲವರ ಚರ್ಮ ಇದರಿಂದ ಕೆಂಪಾಗಿ ತುರಿಸುವುದುಂಟು. ಹಚ್ಚುವುದನ್ನು ನಿಲ್ಲಿಸಿ, ಮತ್ತೆ ಕೊಳ್ಳುವಾಗ ಹಿಂಬದಿಯನ್ನು ಓದಿದರಾಯಿತು. ಗಜಕರ್ಣಕ್ಕೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಇದೇ ಬೆಂಜೊಯಿಕ್ ಆಮ್ಲ ನೂರಕ್ಕೆ 6 ಭಾಗ ಇರುವುದನ್ನು ಹಿರಿಯರು ಬಲ್ಲರು. ಆದರೆ ಹಸುಗೂಸುಗಳ, ಅದರಲ್ಲಿಯೂ ದಿನ ತುಂಬದೆ ಹುಟ್ಟಿದ ಕೂಸುಗಳ ಯಕೃತ್ತಿಗೆ ಈ ವಸ್ತುವನ್ನು ವಿಲೇವಾರಿ ಮಾಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. 1982ರಲ್ಲಿ ಅಮೆರಿಕದಲ್ಲಿ, ದೇಹದೊಳಗೆ ಬೆಂಜೊಯಿಕ್ ಆಮ್ಲವಾಗುವ ಬೆಂಜೈಲ್ ಆಲ್ಕೊಹಾಲ್ ಇದ್ದ ದ್ರಾವಣದಿಂದ ಅಂತಹ ಕೂಸುಗಳು ಸತ್ತದ್ದು ಬೆಳಕಿಗೆ ಬಂತು. ದೊಡ್ಡ ಮಕ್ಕಳಿಗೆ ತಂದ ಸಿರಪ್ಪನ್ನು ವೈದ್ಯರನ್ನು ಕೇಳದೆ ತೊಟ್ಟಿಲ ಕೂಸಿನ ಬಾಯಿಗೆ ಎಂದಿಗೂ ಹನಿಸಬಾರದು.

ಗಂಧಕದ ಲವಣವಾದ 224 ಮತ್ತು ಒಣದ್ರಾಕ್ಷಿಯ ಹೊಂಬಣ್ಣದ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.