ಸಂಕಟದ ದಿನದಲ್ಲಿ ನಮ್ಮ ನಂಬಿಕೆ



ಪ್ರತಿ ವರುಷವೂ ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆಯುವಾಗ ಕೆಲವು ಹೆಸರುಗಳು ಬಿಟ್ಟುಹೋಗುವುದುಂಟು. ಬೇರೆ ಊರಿಗೆ ಹೋದವರ, ಬೇರೆ ಶಾಲೆಗೆ ಸೇರಿದವರ ಹೆಸರುಗಳಾದರೆ ನಮಗೆ ಚಿಂತೆಯಿಲ್ಲ. ಮನೆಗೆ ಕಷ್ಟವು ಬಂದ ಕಾರಣದಿಂದ ಬಿಟ್ಟುಹೋಗುವ ಹೆಸರಾದರೋ ನಮ್ಮ ಮನಸ್ಸನ್ನು ಬಹುಕಾಲ ಬಾಧಿಸುತ್ತದೆ. ಸಂಕಟ ಬಂದಾಗ ಕ್ರೈಸ್ತ ನಂಬಿಕೆಯುಳ್ಳವರು ಏನು ಮಾಡತಕ್ಕದ್ದೆಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ನಿಮ್ಮೆದುರು ಇಡಲು ಅಂಥ ಒಂದು ಹೆಸರೇ ನಮ್ಮನ್ನು ಪ್ರೇರಿಸಿದೆ.

ಕೆಲವು ವರುಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳ ತಂದೆ ಅಕಸ್ಮಾತ್ತಾಗಿ ತೀರಿಕೊಂಡರು. ನಾವು ಆಕೆಯನ್ನು ನಮ್ಮ ಕೊಠಡಿಗೆ ಕರೆದು, ಎಲ್ಲವೂ ದೇವರ ಚಿತ್ತದಂತೆ ನಡೆಯುವುದೆಂದೂ ಧೈರ್ಯದಿಂದ ಸಹಿಸಬೇಕೆಂದೂ ಬುದ್ಧಿ ಹೇಳಿ, ಪ್ರಾರ್ಥನೆ ಮಾಡಿ ಕಳುಹಿಸಿದೆವು. ನಮ್ಮ ಕರ್ತವ್ಯವು ತೀರಿತೆಂದು ಭಾವಿಸಿದೆವು. ಮುಂದಿನ ವಾರದಿಂದ ಆಕೆ ಬರಲಿಲ್ಲ. ನಾವು ಆಕೆಯ ಮನೆಗೆ ಹೋದದ್ದು ಎರಡು ತಿಂಗಳ ಮೇಲೆ. “ಅಮ್ಮ ಕೂಲಿಗೆ ಹೋಗುತ್ತಾಳೆ, ಟೀಚರಮ್ಮ, ತಮ್ಮನನ್ನು ನೋಡಿಕೊಳ್ಳುವವರಿಲ್ಲ” ಎಂದಳು. ನಮ್ಮ ಆವರಣದಲ್ಲಿಯೇ ಶಿಶುವಿಹಾರವಿತ್ತು! ಮನೆಯಲ್ಲಿ ಏನು ತೊಂದರೆಯೆಂದು ನಾವು ಆ ದಿನವೇ ಕೇಳಿದ್ದರೆ ಸಾಕಾಗಿತ್ತು. ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ಆಕೆ ಓದಿನ ಆಸೆಯನ್ನೇ ಬಿಟ್ಟಿದ್ದಳು. ಎಷ್ಟು ಕರೆದರೂ ಮರಳಲಿಲ್ಲ. ನಾವು ಮಾಡಿದ ಪ್ರಾರ್ಥನೆ ತಪ್ಪಲ್ಲ. ಪ್ರಾರ್ಥನೆ ಮುಗಿದೊಡನೆ ನಮ್ಮ ಕೆಲಸವೂ ಮುಗಿಯಿತೆಂದುಕೊಂಡದ್ದು ತಪ್ಪು.

ಸತ್ಯವೇದದಲ್ಲಿ ಯೋಬನ ಗೆಳೆಯರ ಕಥೆಯನ್ನು ನೀವೆಲ್ಲರೂ ಓದಿರುವಿರಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಮಿತ್ರನ ಬಳಿಗೆ ಬಂದು, ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಅತ್ಯುತ್ತಮ ಕಾರ್ಯವು ಅದೇ. ಅನಂತರ ಬಾಯಿ ತೆರೆದು, ಈ ಕಷ್ಟವು ಏಕೆ ಬಂತೆಂದು ಯೋಬನಿಗೆ ವಿವರಿಸತೊಡಗಿದರು. ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಅತ್ತು ಗೋಳಾಡಿ ಪ್ರಶ್ನಿಸಿದ ಯೋಬನ ಮೇಲಲ್ಲ, ವಿವರಣೆ ಕೊಟ್ಟ ಆ ಗೆಳೆಯರ ಮೇಲೆ. ಆ ಬಾಲಿಕೆಯ ಎದುರು ನಾವು ಈ ಗೆಳೆಯರ ಸಾಲಿನಲ್ಲಿಯೇ ನಿಂತಿದ್ದೆವು.

ಹಾಗಾದರೆ ಸಂಕಟದಲ್ಲಿ ನಂಬಿಕೆಯ ಕೆಲಸವೇನು? ಇದನ್ನು ಪಂಡಿತಾ ರಮಾಬಾಯಿಯವರ ಜೀವನದಲ್ಲಿ ಕಾಣಬಹುದು. ಆಕೆ 1858ರಲ್ಲಿ ಕಾರ್ಕಳದ ಮಾಳದ ಬಳಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣತಂಗಿಯರು ಹಸಿವಿನಿಂದ ಬಳಲುತ್ತ ಊರಿಂದೂರಿಗೆ ನಡೆದರು. ಚಳಿಯನ್ನು ತಡೆಯಲಾರದೆ ಹೊಳೆಯ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೈ ಹೂತುಕೊಂಡು ಇರುಳನ್ನು ಕಳೆದದ್ದೂ ಉಂಟು. ಕ್ಷಾಮವು ಆ ಮನೆಯ ಸರ್ವಸ್ವವನ್ನೂ ಕಸಿಯಿತು; ತಾಯಿ ಕಲಿಸಿದ ವಿದ್ಯೆಯನ್ನು ಮಾತ್ರ ಕಸಿಯಲಾರದೆ ಹೋಯಿತು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಅದೇ ವಿದ್ಯೆಗೆ ತಲೆದೂಗಿ ಆಕೆಗೆ ಪಂಡಿತಾ ಎಂಬ ಬಿರುದನ್ನು ಕೊಟ್ಟರು.

ಕಷ್ಟವು ಅಲ್ಲಿಗೆ ತೀರಲಿಲ್ಲ. 1880ರಲ್ಲಿ ಅಣ್ಣನೂ 1882ರಲ್ಲಿ ಗಂಡನೂ ತೀರಿಕೊಂಡರು, ಕೈಯಲ್ಲಿ ಹಸುಗೂಸು. ಮರುವರುಷ ಇಂಗ್ಲೆಂಡಿನಲ್ಲಿ ಆಕೆ ದೀಕ್ಷಾಸ್ನಾನವನ್ನು ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲವು ಬಿದ್ದ ಸುದ್ದಿ ಬಂದಾಗ ಆಕೆಗೆ ತನ್ನ ಹಳೆಯ ಹಸಿವು ನೆನಪಾಯಿತು. ಸ್ವತಃ ಅಲ್ಲಿಗೆ ಹೋಗಿ ಅನಾಥ ಬಾಲಿಕೆಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯ ಸಮೀಪದ ಕೇಡಗಾಂವದ ಮುಕ್ತಿ ಸದನವು ಹೀಗೆ ಬೆಳೆಯಿತು. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡ ಮೇಲೂ ಆಕೆ ಬೈಬಲಿನ ಮರಾಠಿ ಭಾಷಾಂತರವನ್ನು ಕೈಬಿಡಲಿಲ್ಲ. 1922ರ ಏಪ್ರಿಲಿನಲ್ಲಿ ತಾವೂ ಕಣ್ಣುಮುಚ್ಚಿದರು.

ನನಗೇಕೆ ಈ ಕಷ್ಟವೆಂದು ರಮಾಬಾಯಿಯವರು ಎಷ್ಟು ಸಾರಿ ಅತ್ತರೋ ದೇವರೇ ಬಲ್ಲನು. ಆದರೆ ಇಂದು ಹಸಿದಿರುವವರು ಯಾರೆಂಬ ಪ್ರಶ್ನೆಗೆ ಅವರು ಎದ್ದು ನಡೆದು ಉತ್ತರವನ್ನು ಕೊಟ್ಟರು. ಸಂಕಟದಲ್ಲಿ ನಂಬಿಕೆಯ ಕೆಲಸವು ಇದೇ ಎಂದು ನಮ್ಮ ಅಭಿಪ್ರಾಯ.

ಸುಮ್ಮನೆ ಸಹಿಸುವುದೇ ನಂಬಿಕೆಯ ಲಕ್ಷಣವೆಂದು ಹೇಳುವ ಹಿರಿಯರುಂಟು. ಅವರ ತಾಳ್ಮೆಗೆ ನಾವು ತಲೆಬಾಗುತ್ತೇವೆ. ಆದರೆ ನಮ್ಮ ಕರ್ತನು ಲಾಜರನ ಸಮಾಧಿಯ ಬಳಿ ಕಣ್ಣೀರು ಸುರಿಸಿದನು; ಬಳಿಕ ಅಲ್ಲಿ ನಿಂತಿದ್ದವರಿಗೆ ಕಲ್ಲನ್ನು ತೆಗೆಯಲು ಹೇಳಿದನು. ಸತ್ತವನನ್ನು ಎಬ್ಬಿಸುವುದು ದೇವರ ಕಾರ್ಯ. ಕಲ್ಲನ್ನು ತೆಗೆಯುವುದು ನೆರೆಹೊರೆಯವರ ಕಾರ್ಯ. ಅದನ್ನೂ ದೇವರೇ ಮಾಡಲೆಂದು ಕೈಕಟ್ಟಿ ನಿಲ್ಲುವುದು ಭಕ್ತಿಯಲ್ಲ.

ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿದು. ನೀವು ಯಾವ ಮತದವರೇ ಆಗಿರಿ, ಮನೆಗೆ ಕಷ್ಟ ಬಂದಾಗ ಮೊದಲು ಮಗಳ ಓದನ್ನು ನಿಲ್ಲಿಸಬೇಡಿರಿ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಒಂದೇ ಫೋನಿದ್ದ ಮನೆಗಳಲ್ಲಿ ಅದು ಮೊದಲು ಗಂಡುಮಗನ ಕೈಯನ್ನು ಸೇರಿದ್ದನ್ನು ನಾವು ಕಂಡಿದ್ದೇವೆ. ಕಷ್ಟವನ್ನು ಮುಚ್ಚಿಡದೆ ನಮಗೆ ತಿಳಿಸಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಬೀದಿಯಲ್ಲಿ ಓದು ಬಿಟ್ಟ ಬಾಲಿಕೆಯಿದ್ದರೆ ಆಕೆಯ ಮನೆಯ ಬಾಗಿಲನ್ನು ತಟ್ಟಿರಿ. ಹಣವಿಲ್ಲದವರು ಸಂಜೆಯ ಒಂದು ಗಂಟೆಯನ್ನು ಕೊಡಬಹುದು.

ನಮ್ಮ ಮಟ್ಟಿಗೆ ನಾವು ಒಂದು ನಿಯಮವನ್ನು ಮಾಡಿಕೊಂಡಿದ್ದೇವೆ. ಮೂರು ದಿನ ಬಾರದ ಬಾಲಿಕೆಯ ಮನೆಗೆ ಉಪಾಧ್ಯಾಯಿನಿಯೊಬ್ಬರು ಹೋಗತಕ್ಕದ್ದು; ಹೋದವರು ಉಪದೇಶಕ್ಕೆ ಮೊದಲು, ಏನು ಬೇಕಮ್ಮಾ ಎಂದು ಕೇಳತಕ್ಕದ್ದು. ಈ ನಿಯಮವು ಬಂದದ್ದು ತಡವಾಯಿತು. ಆ ಬಾಲಿಕೆಗೆ ಇದರಿಂದ ಪ್ರಯೋಜನವಾಗಲಿಲ್ಲ. ಆಕೆಯ ಕಣ್ಣಿಗೆ ಈ ಪುಟವು ಬಿದ್ದರೆ, ಶಾಲೆಯ ಬಾಗಿಲು ಇನ್ನೂ ತೆರೆದಿದೆಯೆಂದು ತಿಳಿಯಲಿ. ಕೇಳುವ ಕಿವಿಯನ್ನೂ ಕಲ್ಲನ್ನು ಸರಿಸುವ ಕೈಗಳನ್ನೂ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.