ಹಲ್ಲಿಲ್ಲದವರ ಕಡಲೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಬಾಳಿನ ವೈಪರೀತ್ಯವನ್ನು ಸೂಚಿಸಲು ಬಳಸುವ ಈ ಮಾತು ಮುಂಬಯಿ, ಪುಣೆ, ದೆಹಲಿಗಳಂತಹ ಮಹಾನಗರಗಳ ಕನ್ನಡ ಮನೆಗಳಲ್ಲಿ ಈಗ ಅಕ್ಷರಶಃ ನಿಜವಾಗುತ್ತಿದೆ. ಊರಿನ ಮನೆಗೆ ಬೀಗ ಹಾಕಿ, ಮಕ್ಕಳ ಸಂಸಾರದೊಡನೆ ಬಂದು ನೆಲೆಸಿದ ಹಿರಿಯರ ಪಾಲಿಗೆ ಧಾನ್ಯದ ಡಬ್ಬಿ ತುಂಬಿದೆ, ಒಲೆಗೆ ಅನಿಲವಿದೆ, ಕುಕ್ಕರ್ ಇದೆ. ಇಲ್ಲದಿರುವುದು ದವಡೆಯ ಹಲ್ಲು ಮಾತ್ರ. ಆದುದರಿಂದ ಹಬ್ಬದ ದಿನ ಎಲೆಗೆ ಬಿದ್ದ ಉಸಲಿಯನ್ನು ಅವರು ಮೆಲ್ಲನೆ ಅಂಚಿಗೆ ಸರಿಸಿ, ಮೊಸರನ್ನದಲ್ಲಿ ಊಟ ಮುಗಿಸಿ ಏಳುತ್ತಾರೆ.

ಅದೇ ಮನೆಯ ಫ್ರಿಜ್ಜಿನಲ್ಲಿ ಮೊಮ್ಮಕ್ಕಳು ತಂದಿಟ್ಟ ಪ್ಲಾಸ್ಟಿಕ್ ಡಬ್ಬಿಯೊಂದಿರುತ್ತದೆ. ಅದರ ಮೇಲೆ ಹಮ್ಮುಸ್ ಎಂದು ಬರೆದಿರುತ್ತದೆ. ಹಿರಿಯರ ದೃಷ್ಟಿಯಲ್ಲಿ ಅದು ಒಗ್ಗರಣೆ ಕಾಣದ ಚಟ್ನಿ. ಕಿರಿಯರ ದೃಷ್ಟಿಯಲ್ಲಿ ಉಸಲಿಯೆಂಬುದು ಹಬ್ಬದ ದಿನ ತಪ್ಪಿಸಿಕೊಳ್ಳಲಾಗದ ಒಂದು ಕರ್ಮ. ಒಂದೇ ಕಾಳಿನ ಎರಡು ರೂಪಗಳ ನಡುವೆ ಒಂದು ಮನೆ ಹೀಗೆ ಇಬ್ಭಾಗವಾಗಿರುವುದು ವಿಪರ್ಯಾಸವೇ ಸರಿ. ಅದಕ್ಕಿಂತಲೂ ದೊಡ್ಡ ವಿಪರ್ಯಾಸವೆಂದರೆ, ಆ ಡಬ್ಬಿಯ ತಿನಿಸು ಯಾರ ದೇಹಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಒಪ್ಪತಕ್ಕದ್ದೋ ಅವರೇ ಅದನ್ನು ಅತ್ಯಂತ ತಾತ್ಸಾರದಿಂದ ಕಾಣುತ್ತಿದ್ದಾರೆ.

ಹುಮ್ಮುಸ್ ಎಂಬುದು ಅರಬ್ಬೀ ಭಾಷೆಯಲ್ಲಿ ಕಡಲೆಗೆ ಇರುವ ಹೆಸರು, ಅಷ್ಟೇ. ಭಕ್ಷ್ಯದ ಪೂರ್ಣನಾಮ ಹುಮ್ಮುಸ್ ಬಿ ತಹೀನಾ, ಅಂದರೆ ಅರೆದ ಎಳ್ಳಿನೊಡನೆ ಕಡಲೆ. ನೆನೆಸಿ, ಬೆರಳಿಗೆ ಕರಗುವಂತೆ ಬೇಯಿಸಿದ ಕಡಲೆಗೆ ಎಳ್ಳಿನ ಹಿಟ್ಟಣೆ, ನಿಂಬೆಯ ರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ ನುಣ್ಣಗೆ ಅರೆದು, ಮೇಲೆ ಆಲಿವ್ ಎಣ್ಣೆ ಸುರಿದರೆ ಅದು ಸಿದ್ಧ. ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್, ಜೋರ್ಡಾನ್‌ಗಳಲ್ಲಿ ಅದು ಶ್ರೀಮಂತರ ಔತಣವಲ್ಲ. ದುಡಿಯುವ ಜನ ಬೆಳಗ್ಗೆ ರೊಟ್ಟಿಯೊಡನೆ ತಿನ್ನುವ ಉಪಾಹಾರ. ಅದೇ ನಾಡುಗಳಲ್ಲಿ ಅರೆಯದ ಕಡಲೆಯನ್ನು ಜೀರಿಗೆ, ನಿಂಬೆ, ಎಣ್ಣೆಗಳೊಡನೆ ಬಿಸಿಬಿಸಿಯಾಗಿ ಬಡಿಸುವುದೂ ಉಂಟು. ಅದಕ್ಕೆ ಬಲೀಲಾ ಎಂದು ಹೆಸರು. ಉಸಲಿಯ ಒಡಹುಟ್ಟು ಎಂದು ಅದನ್ನು ಕರೆಯಲು ಅಡ್ಡಿಯಿಲ್ಲ. ತುರ್ಕಿಯವರ ಲೆಬ್ಲೆಬಿಯಂತೂ ಹುಬ್ಬಳ್ಳಿಯ ಪುಟಾಣಿಯ ಇನ್ನೊಂದು ಹೆಸರೆನ್ನುವಷ್ಟು ಹತ್ತಿರದ್ದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಡುಗಡಲೆಯನ್ನು ಮನುಷ್ಯನು ಮೊದಲು ಒಕ್ಕಲುತನಕ್ಕೆ ಒಗ್ಗಿಸಿದ್ದು ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ, ಸುಮಾರು 10,000 ವರ್ಷಗಳ ಹಿಂದೆ, ಎಂಬುದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಭಾರತದ ಕಡಲೆಯೂ ಒಂದು ಕಾಲದ ವಲಸೆಗಾರನೇ. ದಪ್ಪ ಬಿಳಿಕಾಳಿಗೆ ಕಾಬೂಲಿ ಎಂಬ ಹೆಸರಂತೂ ಅದು ನಡೆದುಬಂದ ದಾರಿಯನ್ನೇ ಸಾರುತ್ತದೆ. (ಇಲ್ಲಿ ಒಂದು ಮಾತು. ಬೆಂಗಳೂರಿನವರ ಕಡಲೆಕಾಯಿಗೂ ಈ ಕಡಲೆಗೂ ಹೆಸರಿನ ನೆಂಟಸ್ತನವಲ್ಲದೆ ಬೇರೆ ಸಮೀಪಸಂಬಂಧವಿಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು; ಇಲ್ಲಿ ಮೊದಲೇ ಇದ್ದ ಕಡಲೆಯ ಹೆಸರನ್ನು ಎರವಲು ಪಡೆದು ನೆಲಗಡಲೆಯಾಯಿತು.)

ಕಡಲೆಯಂತಹ ಸಾಮಾನ್ಯ ಕಾಳಿನ ಬಗೆಗೆ ದೇಶಗಳೇ ಕಾದಾಡಿವೆಯೆಂದರೆ ನಗಬಾರದು. ಹಮ್ಮುಸ್ ತಮ್ಮದೆಂದು ವಿಧ್ಯುಕ್ತವಾಗಿ ಸ್ಥಾಪಿಸಲು ಲೆಬನಾನಿನ ಉದ್ಯಮಿಗಳ ಸಂಘವು 2008ರಲ್ಲಿ ಹೊರಟಿತು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಗೋಶ್ ಎಂಬ ಅರಬ್ಬರ ಊರಿನಲ್ಲಿ ಪಾಕಪ್ರವೀಣರು ನಾಲ್ಕು ಟನ್ನಿಗೂ ಮಿಕ್ಕ ಹಮ್ಮುಸ್ ಕಲಸಿ ದಾಖಲೆ ಮಾಡಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಲೆಬನಾನಿನವರು 10,452 ಕಿಲೋ ಮಾಡಿ ಅದನ್ನು ಮುರಿದರು. ಆ ಸಂಖ್ಯೆ ಆಕಸ್ಮಿಕವಲ್ಲ. ಲೆಬನಾನಿನ ವಿಸ್ತೀರ್ಣ 10,452 ಚದರ ಕಿಲೋಮೀಟರ್. ನೆಲವನ್ನೇ ತೂಕಕ್ಕಿಟ್ಟು ತಟ್ಟೆಯಲ್ಲಿ ಬಡಿಸಿದ ಆ ಜನರ ಮನಸ್ಸನ್ನು, ಊರು ಬಿಟ್ಟು ಬಂದು ಮೂವತ್ತು ವರ್ಷಗಳಾದರೂ ಬ್ಯಾಡಗಿ ಮೆಣಸಿನಕಾಯಿಯನ್ನೇ ಹುಡುಕಿಕೊಂಡು ಹೋಗುವ ಮಹಾನಗರದ ಕನ್ನಡಿಗರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು.

ಕಡಲೆಯೊಡನೆ ಕನ್ನಡಿಗರ ನೆನಪು ಬೆಸೆದುಕೊಂಡಿರುವ ಬಗೆ ಸೀಮೆಸೀಮೆಗೂ ಬೇರೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಗಳ ಕಪ್ಪುಮಣ್ಣಿನವರಿಗೆ ಅದು ಮೊದಲು ಗಿಡ, ಆಮೇಲೆ ಕಾಳು. ಮಳೆ ನಿಂತ ಮೇಲೆ ಹಿಂಗಾರಿನಲ್ಲಿ ಬಿತ್ತಿ, ನೆಲದಲ್ಲುಳಿದ ತೇವದಲ್ಲಿಯೂ ಇಬ್ಬನಿಯಲ್ಲಿಯೂ ಬೆಳೆಯುವ ಗಿಡವದು. ಅದರ ಎಲೆಯ ಸೂಕ್ಷ್ಮ ರೋಮಗಳು ಮ್ಯಾಲಿಕ್ ಹಾಗೂ ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಚಳಿಗಾಲದ ಬೆಳಗಿನಲ್ಲಿ ಕಡಲೆಯ ಹೊಲ ಹೊಕ್ಕು ಬೆರಳು ನೆಕ್ಕಿದ ಹುಡುಗನಿಗೆ ಆಮ್ಲದ ಹೆಸರು ತಿಳಿಯದು. ಆ ಹುಳಿ ಮಾತ್ರ ಎಪ್ಪತ್ತರ ವಯಸ್ಸಿನಲ್ಲಿಯೂ ನಾಲಗೆಯ ಮೇಲಿರುತ್ತದೆ. ಹಸಿಗಡಲೆಯ ಗಿಡಗಳನ್ನು ಬುಡಸಹಿತ ಕಿತ್ತು ಉರಿಯಲ್ಲಿ ಸುಟ್ಟು, ಮಸಿ ಹತ್ತಿದ ಕೈಯಿಂದಲೇ ಸುಲಿದು ತಿಂದವರಿಗೆ ಬೇರೆ ಯಾವ ಕಡಲೆಯೂ ಕಡಲೆಯಲ್ಲ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಕಲಬುರಗಿ, ಬೀದರ ಸೀಮೆಯವರು ಕುಳಿತು ಉಣ್ಣುವ ಭಜ್ಜಿಯಲ್ಲಿಯೂ ಈ ಹಸಿಗಾಳು ಇರುತ್ತದೆ.

ಕರಾವಳಿಯವರ ನೆನಪು ಇನ್ನೊಂದು ತೆರ. ಅಲ್ಲಿ ತೊಂಡೆಕಾಯಿಯೊಡನೆ ಬೆಂದ ಕಡಲೆ ಮನೋಳಿ, ಮುಂಜಾನೆಯ ಹೋಟೆಲಿನ ಕಡಲೆ ಬಜಿಲ್, ಕೊಂಕಣಿ ಮನೆಗಳ ಚಣೆ ಘಶಿ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿಯಲು ಹದಿನಾಲ್ಕು ಹದಿನೈದರ ವಯಸ್ಸಿಗೇ ಬಂದ ಹುಡುಗರು ಎಷ್ಟೋ ಮಂದಿ. ಊರಿನಲ್ಲಿ ತಿಂದ ಕಡಲೆ ಅವಲಕ್ಕಿಯನ್ನು ನೆನೆಯುತ್ತ ಗಿರಾಕಿಗಳಿಗೆ ಮಸಾಲೆ ದೋಸೆ ಬಡಿಸಿದವರು ಅವರು. ಅಂತಹವರ ತಮ್ಮಂದಿರು 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ರಜೆಯಲ್ಲಿ ಮರಳಿದಾಗ ಅರಬ್ಬರ ರೊಟ್ಟಿ, ಹಮ್ಮುಸ್‌ಗಳ ಸುದ್ದಿಯನ್ನು ಮಂಗಳೂರಿಗೂ ಉಡುಪಿಗೂ ತಂದರು. ಆದಕಾರಣ ಹಮ್ಮುಸ್ ನಿನ್ನೆ ಮೊನ್ನೆಯ ಮಾಲ್ ಸಂಸ್ಕೃತಿಯ ಕೂಸು ಎಂಬ ಆಕ್ಷೇಪಣೆ ಪೂರ್ತಿ ನಿಲ್ಲುವಂಥದಲ್ಲ. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಅದು ದೂರದೇಶದಲ್ಲಿ ದುಡಿದ ಮಗನ ನೆನಪು. ಹಳೆಯ ಮೈಸೂರಿನವರಿಗೆ ಕಡಲೆಯೆಂದರೆ ನವರಾತ್ರಿ. ಗೊಂಬೆ ನೋಡಲು ಮನೆಯಿಂದ ಮನೆಗೆ ಓಡಿದ ಮಕ್ಕಳ ಅಂಗೈಗೆ ಬೀಳುತ್ತಿದ್ದ, ತೆಂಗಿನತುರಿ ಅಂಟಿದ ಬಿಸಿ ಉಸಲಿ.

ಈ ನೆನಪುಗಳೆಲ್ಲ ಕಾಳಿಗಿಂತ ಹೆಚ್ಚಾಗಿ ವಾಸನೆಗೆ ಅಂಟಿಕೊಂಡಿವೆ ಎಂಬುದನ್ನು ಗಮನಿಸಬೇಕು. ಮೂಗಿನಿಂದ ಹೊರಟ ಸಂದೇಶವು ಇತರ ಇಂದ್ರಿಯಗಳ ಸಂದೇಶಗಳಿಗಿಂತ ನೇರವಾದ ದಾರಿಯಲ್ಲಿ ಮೆದುಳಿನ ಭಾವನೆಯ ಹಾಗೂ ನೆನಪಿನ ಕೇಂದ್ರಗಳನ್ನು ಮುಟ್ಟುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದು, ಇಂಗು ಕರಿಬೇವು ಬಿದ್ದೊಡನೆ ಊರು ಕಣ್ಣಮುಂದೆ ನಿಲ್ಲುವುದು ಇದರಿಂದಲೇ. ಹಮ್ಮುಸ್‌ನಲ್ಲಿ ಈ ಒಗ್ಗರಣೆಯಿಲ್ಲ. ಹಿರಿಯರು ಅದರಲ್ಲಿ ಕಡಲೆಯನ್ನು ಗುರುತಿಸದೆ ಹೋಗುವುದು ಹಟಮಾರಿತನದಿಂದಲ್ಲ; ಗುರುತು ಹೇಳುವ ವಾಸನೆಯೇ ಅಲ್ಲಿಲ್ಲ.

ಹಾಗಾದರೆ ಒಗ್ಗರಣೆ ಹಾಕಿದರಾಯಿತು. ಶುದ್ಧವಾದಿಗಳು ಮೂಗು ಮುರಿಯಬಹುದು. ಆದರೆ ಡಮಾಸ್ಕಸ್, ಬೈರೂತಗಳ ಫತ್ತೆ ಎಂಬ ಕಡಲೆಯ ಭಕ್ಷ್ಯದ ಮೇಲೆ ತುಪ್ಪದಲ್ಲಿ ಹುರಿದ ಬೀಜಗಳನ್ನು ಬಿಸಿಯಾಗಿಯೇ ಸುರಿಯುವ ರೂಢಿಯಿದೆ. ಬಿಸಿ ಜಿಡ್ಡಿನ ಮರ್ಮವನ್ನು ಅವರೂ ಬಲ್ಲರು. ಎಳ್ಳು ಕಡಲೆಗಳ ಜೋಡಿಯೂ ಕನ್ನಡಿಗರಿಗೆ ಹೊಸದಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳಿನೊಡನೆ ಹುರಿಗಡಲೆಯನ್ನು ಬೆರೆಸಿ ಬೀರಿದವರು ಯಾರು? ಬೆಲ್ಲದ ಬದಲು ನಿಂಬೆ, ಕೊಬ್ಬರಿಯ ಬದಲು ಆಲಿವ್ ಎಣ್ಣೆ. ಜೋಡಿ ಮಾತ್ರ ಅದೇ.

ಈ ಜೋಡಿಗೆ ಆರೋಗ್ಯಶಾಸ್ತ್ರದ ಸಮ್ಮತಿಯೂ ಉಂಟು. ಒಣಗಡಲೆಯ 100 ಗ್ರಾಮಿನಲ್ಲಿ ಸುಮಾರು 19ರಿಂದ 20 ಗ್ರಾಂ, ಬೆಂದ ಕಡಲೆಯ 100 ಗ್ರಾಮಿನಲ್ಲಿ ಸುಮಾರು 9 ಗ್ರಾಂ ಸಸಾರಜನಕವಿದೆ. ಕಡಲೆಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಧಾರಾಳವಾಗಿಯೂ ಮೆಥಿಯೊನಿನ್ ಎಂಬುದು ಕಡಿಮೆಯಾಗಿಯೂ ಇರುತ್ತದೆ. ಎಳ್ಳಿನಲ್ಲಿ ಇದು ತಿರುವುಮುರುವು. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪ್ರಾಯಸ್ಥನಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 60 ಕಿಲೋ ತೂಗುವವರಿಗೆ ಇದು ಹತ್ತಿರಹತ್ತಿರ 50 ಗ್ರಾಂ. ಹಲ್ಲು ಹೋದ ಮೇಲೆ ಕಾಳು ಬಿಟ್ಟು, ಗಂಜಿ, ಮೊಸರನ್ನ, ಕಾಫಿಯಲ್ಲಿ ದಿನ ತಳ್ಳುವ ಸಸ್ಯಾಹಾರಿ ವೃದ್ಧರಿಗೆ ಇಷ್ಟು ದೊರೆಯುವುದು ಕಷ್ಟ. ವಯಸ್ಸಾದಂತೆ ಸ್ನಾಯುಗಳು ತಾವಾಗಿಯೇ ಸವೆಯುತ್ತವೆ. ಆಹಾರವೂ ಸೊರಗಿದರೆ ಸವೆತ ತೀವ್ರವಾಗುತ್ತದೆ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮೇಲೆ ಮುಗ್ಗರಿಸುವುದು, ಬಚ್ಚಲಲ್ಲಿ ಜಾರುವುದು, ಸೊಂಟದ ಮೂಳೆ ಮುರಿಯುವುದು ಇವೆಲ್ಲಕ್ಕೂ ಈ ಸವೆತಕ್ಕೂ ಸಂಬಂಧವಿದೆ. ‘ಅಜ್ಜಿ ಸೊರಗುತ್ತಿದ್ದಾರೆ, ವಯಸ್ಸಾಯಿತಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವ ಮನೆಯವರು, ಅಜ್ಜಿಯ ತಟ್ಟೆಯಲ್ಲಿ ಕಡೆಯ ಬಾರಿ ಕಾಳು ಕಂಡದ್ದು ಯಾವಾಗ ಎಂದು ವಿಚಾರಿಸುವುದು ಒಳ್ಳೆಯದು.

ಉಳಿದ ಗುಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂದ ಕಡಲೆಯ 100 ಗ್ರಾಮಿನಲ್ಲಿ 7-8 ಗ್ರಾಂ ನಾರು ಇರುವುದರಿಂದ ಮಲಬದ್ಧತೆಗೆ ಹಿತ. ಅದರ ಪಿಷ್ಟ ನಿಧಾನವಾಗಿ ಜೀರ್ಣವಾಗುವುದರಿಂದ ಮಧುಮೇಹಿಗಳ ರಕ್ತದ ಸಕ್ಕರೆ ಥಟ್ಟನೆ ಏರದು. ಕಬ್ಬಿಣದ ಅಂಶವೂ ಉಂಟು; ಕಬ್ಬಿಣದ ಕಡಲೆ ಎಂಬ ನುಡಿಗಟ್ಟಿಗೆ ಹೀಗೂ ಒಂದು ಅರ್ಥ ಬಂದೀತು. ಆ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನಿಂಬೆಯ ಜೀವಸತ್ತ್ವ ‘ಸಿ’ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿದ ಕಾಫಿ, ಚಹಗಳು ಅಡ್ಡಿಯಾಗುತ್ತವೆ. ವಾಯುವಿನ ಭಯವುಳ್ಳವರು ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ತೊಂದರೆ ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಮೂತ್ರಪಿಂಡದ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಕಾಳುಗಳನ್ನು ಹೆಚ್ಚಿಸಬಾರದು. ಎಳ್ಳು ಒಗ್ಗದ ದೇಹಗಳೂ ಇವೆ. ಎಳ್ಳಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ, ಒಳ್ಳೆಯದೆಂದು ಬಟ್ಟಲುಗಟ್ಟಲೆ ತಿಂದರೆ ಬೊಜ್ಜು ಬರುವುದು ಖಂಡಿತ.

ಅಂಗಡಿಯ ಡಬ್ಬಿಗಳಿಗೆ ಇಷ್ಟು ಹಣ ತೆರುವ ಅಗತ್ಯವಿಲ್ಲ. ಉಪ್ಪು ಹೆಚ್ಚಿರುವ ಡಬ್ಬಿಗಳೂ ಅನೇಕ; ರಕ್ತದೊತ್ತಡವುಳ್ಳ ಹಿರಿಯರಿಗೆ ಅವು ಸಲ್ಲವು. ಮನೆಯಲ್ಲಿ ಕಾಬೂಲಿ ಕಡಲೆಯನ್ನು ಎಂಟು-ಹತ್ತು ಗಂಟೆ ನೆನೆಸಿ, ಕುಕ್ಕರಿನಲ್ಲಿ ಉಸಲಿಗಿಂತ ಇಮ್ಮಡಿ ಹೊತ್ತು ಬೇಯಿಸಬೇಕು. ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು, ತುಸು ಎಣ್ಣೆಯೊಡನೆ ಮಿಕ್ಸಿಯಲ್ಲಿ ಅರೆದರೆ ಅದೇ ತಹೀನಾ. ಆಲಿವ್ ಎಣ್ಣೆ ದುಬಾರಿಯಾದರೆ ಎಳ್ಳೆಣ್ಣೆಯಾಗಲಿ ಕಡಲೆಕಾಯಿ ಎಣ್ಣೆಯಾಗಲಿ ಆದೀತು. ನಿಂಬೆಗೆ ಮಾತ್ರ ಬದಲಿಲ್ಲ.

ದೆಹಲಿಯ ಬೀದಿಗಳಲ್ಲಿ ಇಂದು ಘಮಘಮಿಸುವ ಛೋಲೆಯನ್ನು ಮನೆಮಾತಾಗಿಸಿದವರಲ್ಲಿ 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಪಂಜಾಬಿಗಳು ಮುಖ್ಯರು. ಅದನ್ನು ಈಗ ಚಪ್ಪರಿಸುವ ದೆಹಲಿ ಕನ್ನಡಿಗರ ಮಕ್ಕಳಿಗೆ ಅದೇ ಬಾಲ್ಯದ ನೆನಪು. ಚೆನ್ನೈಯಲ್ಲಿ ಹುಟ್ಟಿದವರಿಗೆ ಕಡಲತೀರದ ಸುಂಡಲ್ ಅಂಥದೇ. ಗದಗಿನ ಹೊಲದ ಹುಳಿಯನ್ನು ಈ ಮಕ್ಕಳ ನಾಲಗೆಗೆ ಉಪನ್ಯಾಸದಿಂದ ಹತ್ತಿಸಲಾಗದು. ಹತ್ತಿಸಲು ಹೊರಟ ಹಿರಿಯರು ನಿರಾಶರಾಗುವುದನ್ನು ಸಂಘದ ಸಭೆಗಳಲ್ಲಿ ಕಾಣಬಹುದು. ಆದರೆ ಆ ಸಭೆಗಳ ಭೋಜನದಲ್ಲಿಯೇ ಉಸಲಿ, ಕೋಸಂಬರಿಗಳು ಮಾಯವಾಗಿ ಪನ್ನೀರು ಮತ್ತು ಮೈದಾ ಮೆರೆಯುತ್ತಿರುವಾಗ ಮಕ್ಕಳನ್ನು ದೂರುವುದು ನ್ಯಾಯವೆನಿಸದು.

ಮುಂದಿನ ಸಂಕ್ರಾಂತಿಯ ಕೂಟಕ್ಕೆ ಅಡಿಗೆಯವರಿಗೆ ಹೇಳುವಾಗ ಎರಡು ಪಾತ್ರೆಗಳನ್ನು ಹೆಚ್ಚಿಗೆ ಹೇಳಬಹುದು. ಒಂದರಲ್ಲಿ ಸಣ್ಣ ಕಂದುಗಡಲೆಯ ಉಸಲಿ. ಹಲ್ಲಿರುವ ಮೊಮ್ಮಕ್ಕಳು ಜಗಿಯಲಿ. ಇನ್ನೊಂದರಲ್ಲಿ ಎಳ್ಳು ಸೇರಿಸಿ ಅರೆದ ಬಿಳಿಗಡಲೆ, ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಅದನ್ನು ಹಿರಿಯರ ಪಂಕ್ತಿಗೆ ಮೊದಲು ಬಡಿಸಲಿ. ಜೊತೆಗೆ ಮೆತ್ತನೆಯ ಜೋಳದ ರೊಟ್ಟಿ ಸಿಕ್ಕರೆ ಉತ್ತಮ, ಇಲ್ಲವಾದರೆ ಚಪಾತಿ. ಒಗ್ಗರಣೆಯನ್ನು ಮಾತ್ರ ಬಡಿಸುವ ಹೊತ್ತಿಗೇ ಹಾಕಬೇಕು, ಸದ್ದು ಪಂಕ್ತಿಯವರೆಗೆ ಕೇಳಿಸುವಂತೆ.