ದೂರದರ್ಶಕದ ದೋಷಪಟ್ಟಿಯೂ ನಮ್ಮ ಪ್ರಯೋಗಶಾಲೆಗಳೂ

ದೂರದರ್ಶಕವು ಆಕಾಶವನ್ನು ಇದ್ದದ್ದು ಇದ್ದಂತೆಯೇ ತೋರಿಸುತ್ತದೆಂದು ಅನೇಕರು ನಂಬಿರುತ್ತಾರೆ. ವಾಸ್ತವವಾಗಿ ಹಾಗಲ್ಲ. ಚಿತ್ರದ ನಡುಭಾಗವು ಸರಿಯಾಗಿದ್ದರೂ ಅಂಚಿನ ಕಡೆಗೆ ಹೋದಂತೆಲ್ಲ ನಕ್ಷತ್ರಗಳು ತಮ್ಮ ನಿಜಸ್ಥಾನದಿಂದ ತುಸು ಒಳಕ್ಕೋ ಹೊರಕ್ಕೋ ಸರಿದು ಕಾಣುತ್ತವೆ. ಇದಕ್ಕೆ ಕ್ಷೇತ್ರ ವಿರೂಪಣೆ ಎಂದು ಹೆಸರು. ಈ ಸರಿತವನ್ನು ಸ್ಥಳಸ್ಥಳಕ್ಕೂ ಅಳೆದು ಪಟ್ಟಿ ಮಾಡಿ, ಆ ಪಟ್ಟಿಯ ಮೇರೆಗೆ ಮುಂದಿನ ಅಳತೆಗಳನ್ನೆಲ್ಲ ತಿದ್ದಿಕೊಳ್ಳುವುದು ಖಗೋಳಜ್ಞರ ನಿತ್ಯದ ಕೆಲಸ. ಈ ಕೆಲಸಕ್ಕೆ ನಮ್ಮ ವಿಜ್ಞಾನ ಶಿಕ್ಷಣದಲ್ಲಿ ಸಲ್ಲಬೇಕಾದ ಸ್ಥಾನವು ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಇದರ ಮಹತ್ವಕ್ಕೆ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಅರಿಜೋನಾ ರಾಜ್ಯದ ಕಿಟ್ ಪೀಕ್ ಶಿಖರದ ಮೇಲಿರುವ 4 ಮೀಟರ್ ವ್ಯಾಸದ ಮೇಯಲ್ ದೂರದರ್ಶಕದಲ್ಲಿ ‘ಡೆಸಿ’ ಎಂಬ ಉಪಕರಣವು 2021ರಲ್ಲಿ ತನ್ನ ಆಕಾಶ ಸಮೀಕ್ಷೆಯನ್ನು ಆರಂಭಿಸಿತು. ಅದರಲ್ಲಿ 5,000 ಪುಟ್ಟ ರೋಬಾಟುಗಳಿವೆ. ಒಂದೊಂದೂ ಗಾಜಿನ ಒಂದು ಎಳೆಯನ್ನು ಹಿಡಿದು, ಗೊತ್ತಾದ ಗೆಲಾಕ್ಸಿಯ ಬೆಳಕು ಬೀಳುವ ಜಾಗಕ್ಕೆ ಸರಿದು ನಿಲ್ಲುತ್ತದೆ. ಎಳೆಯ ತಿರುಳಿನ ದಪ್ಪವು ಒಂದು ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಪಾಲು. ವಿರೂಪಣೆಯ ಲೆಕ್ಕವು ತಪ್ಪಿದರೆ ರೋಬಾಟು ಬಹು ನಿಖರವಾಗಿಯೇ ತಪ್ಪು ಜಾಗದಲ್ಲಿ ನಿಲ್ಲುವುದು. ಎಳೆಯೊಳಕ್ಕೆ ಬರಿಯ ಆಕಾಶದ ಬೆಳಕು ಬರುವುದು. ಆದ್ದರಿಂದ ಎಳೆಗಳಿಗೆ ಹಿಂದಿನಿಂದ ಬೆಳಕು ಕೊಟ್ಟು ಛಾಯಾಚಿತ್ರ ತೆಗೆದು, ಸ್ಥಾನ ತಿಳಿದಿರುವ ಸ್ಥಿರ ದೀಪಬಿಂದುಗಳೊಡನೆ ಹೋಲಿಸುತ್ತಾರೆ. ಆ ಕ್ಯಾಮೆರಾ ಸಹ ದೂರದರ್ಶಕದ ಮಸೂರಗಳ ಮೂಲಕವೇ ನೋಡುವುದರಿಂದ ಅಲ್ಲಿಯ ವಿರೂಪಣೆಯನ್ನೂ ಅಳೆಯಬೇಕಾಗುತ್ತದೆ.

ಇದು ಪರದೇಶದ ಮಾತೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇಲ್ಲಿಂದಲೇ. 2015ರ ಸೆಪ್ಟೆಂಬರ್ 28ರಂದು ಗಗನಕ್ಕೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದುದೂ ಇಲ್ಲಿಯ ಎಂ. ಜಿ. ಕೆ. ಮೆನನ್ ಪ್ರಯೋಗಾಲಯದಲ್ಲಿ.

ಕೆನಡಾ ದೇಶದ ಸಹಯೋಗದಿಂದ ಬಂದ ಅದರ ಶೋಧಕಗಳಲ್ಲಿಯೂ ಗಾಜಿನ ಎಳೆಗಳ ಒಂದು ಕಟ್ಟಿದೆ. ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗಿರುವ ಆ ಕಟ್ಟು ಬೆಳಕನ್ನು ಸಂವೇದಕಕ್ಕೆ ಒಯ್ಯುತ್ತದೆ. ಎಳೆಗಳು ಎಲ್ಲೆಡೆಯೂ ಏಕರೀತಿಯಾಗಿ ಕೂಡಿರುವುದಿಲ್ಲವಾಗಿ ಚಿತ್ರವು ಅಲ್ಲಲ್ಲಿ ವಿರೂಪಗೊಳ್ಳುತ್ತದೆ. ಈ ದೂರದರ್ಶಕದ ನೋಟದ ಅಗಲವು ಕೋನಮಾನದ 28 ಮಿನಿಟು, ಅಂದರೆ 1,680 ಸೆಕೆಂಡು. ಅದು ಬಿಡಿಸಿ ತೋರಿಸಬಲ್ಲುದು ಸುಮಾರು 1.5 ಸೆಕೆಂಡು. ನೋಟದ ಅಗಲದಲ್ಲಿ ಸಾವಿರಕ್ಕೆ ಒಂದರಷ್ಟು ಸರಿತವೂ ಸಹಿಸತಕ್ಕದ್ದಲ್ಲವೆಂದಾಯಿತು. ಉಪಗ್ರಹವು ಮೆಲ್ಲನೆ ಓಲಾಡುವಾಗ ಒಂದೇ ನಕ್ಷತ್ರವು ಶೋಧಕದ ಬೇರೆಬೇರೆ ಜಾಗಗಳಲ್ಲಿ ಬೀಳುವುದು. ಸೆಕೆಂಡಿಗೆ ಸುಮಾರು 29ರಂತೆ ತೆಗೆದ ಚಿತ್ರಗಳನ್ನು ಒಟ್ಟುಗೂಡಿಸುವಾಗ ವಿರೂಪಣೆಯನ್ನು ಕಳೆಯದಿದ್ದರೆ ನಕ್ಷತ್ರವು ಹರಡಿದ ಕಲೆಯಾಗಿ ಕಾಣುವುದು. ಆದ್ದರಿಂದಲೇ ಹಾರಿಸುವುದಕ್ಕೆ ಮೊದಲು ಸಾಲುಸಾಲಾದ ಸೂಜಿರಂಧ್ರಗಳ ಚಿತ್ರವನ್ನು ತೆಗೆದು, ಪ್ರತಿಯೊಂದು ರಂಧ್ರವೂ ಎಷ್ಟು ಸರಿದಿದೆಯೆಂದು ಪಟ್ಟಿ ಮಾಡಿದರು. ಆ ಪಟ್ಟಿಯನ್ನು ಆಮೇಲೆ ನಕ್ಷತ್ರಗಳಿಂದಲೇ ಪರೀಕ್ಷಿಸಿದರು.

ಇನ್ನು ನಮ್ಮ ಪ್ರಯೋಗಶಾಲೆಗಳ ಕಡೆಗೆ ತಿರುಗೋಣ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಯು ಉತ್ತರವು 981ಕ್ಕೆ ಬಂದು ನಿಲ್ಲುವವರೆಗೆ ಅಂಕಿಗಳನ್ನು ತಿದ್ದುವುದುಂಟು. ಅಂಕವು ದೊರೆಯುವುದು ಆ ಉತ್ತರಕ್ಕೇ ಎಂದು ಅವನು ಬಲ್ಲ. ಬೆಂಗಳೂರಿನ ಎತ್ತರದಲ್ಲಿ, ಈ ಅಕ್ಷಾಂಶದಲ್ಲಿ ಅದರ ಬೆಲೆಯು ಸುಮಾರು 978 ಎಂಬುದು ಅವನಿಗೆ ತಿಳಿದಿರುವುದಿಲ್ಲ. ನಿಸರ್ಗವು ಕೊಟ್ಟ ಉತ್ತರವನ್ನು ಅಳಿಸಿ ಪುಸ್ತಕದ ಉತ್ತರವನ್ನು ಬರೆಯಲು ನಾವೇ ಕಲಿಸಿದಂತಾಗಲಿಲ್ಲವೆ?

ದೋಷಕ್ಕೆ ಮನ್ನಣೆ ಕೊಟ್ಟರೆ ಅಜಾಗ್ರತೆಗೆ ಆಸರೆ ಕೊಟ್ಟಂತಾಗುವುದೆಂದು ಕೆಲವು ಅಧ್ಯಾಪಕರು ಹೇಳಬಹುದು. ಈ ಶಂಕೆಯು ನಿರಾಧಾರವಲ್ಲ. ಆದರೆ ದೋಷವುಂಟೆಂದು ಬರೆದರೆ ಸಾಲದು. ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ಎಂದು ಅಳೆದು ತೋರಿಸಬೇಕು. ಅಜಾಗರೂಕನಾದವನಿಂದ ಈ ಕೆಲಸವು ಸಾಧ್ಯವಿಲ್ಲ.

ಇದಕ್ಕೆ ಹೆಚ್ಚಿನ ವೆಚ್ಚವೂ ಬೇಡ. ಒಂದು ಗ್ರಾಫ್ ಹಾಳೆಯನ್ನು ಗೋಡೆಗೆ ಅಂಟಿಸಿ ಮೊಬೈಲ್ ಕ್ಯಾಮೆರಾದಿಂದ, ಅಗಲ ನೋಟದ ಮಸೂರವಿದ್ದರೆ ಅದರಿಂದಲೇ, ನೇರವಾಗಿ ನಿಂತು ಚಿತ್ರ ತೆಗೆಯಿರಿ. ನಡುವಿನ ಚೌಕಗಳನ್ನೂ ಮೂಲೆಯ ಚೌಕಗಳನ್ನೂ ಅಳೆದು ಹೋಲಿಸಿ ಒಂದು ಪಟ್ಟಿ ಮಾಡಿರಿ. ಆಮೇಲೆ ಅದೇ ದೂರದಿಂದ ಒಂದು ಅಳತೆಪಟ್ಟಿಯ ಚಿತ್ರವನ್ನು ಮೂಲೆಯಲ್ಲಿ ಬರುವಂತೆ ತೆಗೆದು, ನಿಮ್ಮ ಪಟ್ಟಿಯು ಅದರ ಉದ್ದವನ್ನು ಸರಿಪಡಿಸುವುದೇ ಎಂದು ನೋಡಿರಿ. ಸೂಜಿರಂಧ್ರಗಳಿಂದ ಮಾಡಿದ ಕೆಲಸದ ತತ್ತ್ವವೂ ಇದೇ.

ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಅರ್ಧದಷ್ಟನ್ನಾದರೂ ಇಂಥ ದೋಷಪಟ್ಟಿಗೆ ಮೀಸಲಿಡಬೇಕು. ಹಾಗೆ ಮಾಡಿದಲ್ಲಿ ಕಂಡುದನ್ನು ಕಂಡಂತೆ ಬರೆಯುವ ಧೈರ್ಯವು ವಿದ್ಯಾರ್ಥಿಗೆ ಬರುವುದು. ಆ ಧೈರ್ಯವಿಲ್ಲದವನು ಮುಂದೆ ಎಷ್ಟು ದೊಡ್ಡ ಉಪಕರಣದ ಮುಂದೆ ಕುಳಿತರೂ ಹೊಸದೇನನ್ನೂ ಕಾಣಲಾರನು.